ಬಿಟ್ಟಿ ಬರಹ, ಧಣಿಯ ಕೊಳಗ

ಬೆಳೆ ಒಬ್ಬನದು, ಅಳೆಯುವ ಕೊಳಗ ಇನ್ನೊಬ್ಬನದು. ಸಾಗರದ ಕಾಗೋಡಿನ ಗೇಣಿದಾರರು 1951ರಲ್ಲಿ ಎದುರಿಸಿ ನಿಂತದ್ದು ಈ ಅನ್ಯಾಯವನ್ನು. ಒಡೆಯರ ದೊಡ್ಡ ಕೊಳಗವನ್ನು ಒಪ್ಪದೆ ಅವರು ಜೈಲು ಸೇರಿದರು. ಲೋಹಿಯಾ ಅವರೂ ಬಂದು ಸೆರೆಯಾದರು. ಇಂದು ಅದೇ ಕೊಳಗ ಅಂತರ್ಜಾಲದಲ್ಲಿದೆ.

ಹೊಸನಗರದ ತರುಣ ಅಡಿಕೆಯ ಕೊಳೆರೋಗದ ಬಗ್ಗೆ, ತೀರ್ಥಹಳ್ಳಿಯ ತಾಯಿ ಮಳೆಗಾಲದ ಅಡಿಗೆಯ ಬಗ್ಗೆ ತಮ್ಮ ಬ್ಲಾಗಿನಲ್ಲಿ ಬರೆದರೆನ್ನಿ. ಜಾಲತಾಣದ ಧಣಿ ಅದನ್ನೆತ್ತಿ ತನ್ನ ಪುಟ ತುಂಬಿಕೊಳ್ಳುತ್ತಾನೆ. ಜಾಹೀರಾತಿನ ಹಣ ಅವನಿಗೆ; ಬರೆದವರಿಗೆ 'ಹೆಸರು ಹಾಕಿದ್ದೇವಲ್ಲ' ಎಂಬ ಉಪಚಾರ. ಮಿಲ್ಲಿನ ಮಾಲೀಕ ಬಟವಾಡೆಯ ದಿನ ಕೂಲಿಯ ಬದಲು ನಮ್ಮ ಹೆಸರನ್ನು ಗೋಡೆಯ ಮೇಲೆ ಬರೆಸಿದರೆ ಒಪ್ಪುತ್ತೇವೆಯೆ? ಅಂಗಡಿಯವನು ಹೊಗಳಿಕೆಗೆ ಅಕ್ಕಿ ಅಳೆದು ಕೊಡುತ್ತಾನೆಯೆ?

ಇದು ಪುಡಿಗಾಸಿನ ಮಾತಲ್ಲ. ಅಮೆರಿಕದ ಹಫಿಂಗ್ಟನ್ ಪೋಸ್ಟ್ ಸಾವಿರಾರು ಜನರ ಬಿಟ್ಟಿ ಬರಹವನ್ನೂ ಉಂಡು ಬೆಳೆದು, 2011ರಲ್ಲಿ 31.5 ಕೋಟಿ ಡಾಲರಿಗೆ ಮಾರಾಟವಾಯಿತು. ಪಾಲು ಕೇಳಿದ ಬರಹಗಾರರ ದಾವೆಯನ್ನು 2012ರಲ್ಲಿ ನ್ಯಾಯಾಲಯ ವಜಾ ಮಾಡಿತು. ಹಣ ಸಿಗದೆಂದು ತಿಳಿದೇ ಬರೆದರಂತೆ! ಗೇಣಿದಾರನೂ ತಿಳಿದೇ ಅಳೆಯುತ್ತಿದ್ದ. ಸಹಿಸಿದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದು.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯಿದೆ. ಸ್ವಂತಕ್ಕೆ ಬರೆದವನೇ ಬರಹದ ಒಡೆಯ, ನೋಂದಣಿ ಬೇಕಿಲ್ಲ. ಲಿಖಿತ ಪತ್ರವಿಲ್ಲದೆ ಅವನು ಹಕ್ಕನ್ನು ಬಿಟ್ಟುಕೊಟ್ಟಂತಾಗದು. ಆದರೆ ಒಂಟಿ ಬರಹಗಾರ ವಕೀಲರ ಫೀಜನ್ನು ಎಲ್ಲಿಂದ ತಂದಾನು? ಕಾಗೋಡಿನಲ್ಲಿ ಒಬ್ಬನೇ ನಿಂತಿದ್ದರೆ ಅವನ ಕೂಗು ಊರ ಗಡಿಯನ್ನೂ ದಾಟುತ್ತಿರಲಿಲ್ಲ.

ಬರೆಯುವವರೂ ಸಂಘ ಕಟ್ಟಲಿ. ಕೂಲಿ ಕೊಡದ ಧಣಿಗೆ ಒಂದು ಸಾಲೂ ಇಲ್ಲವೆನ್ನಲಿ. ನಾವು ಅವರ ಬೆನ್ನಿಗಿದ್ದೇವೆ. ನೇಗಿಲಿನದಾಗಲಿ, ಲೇಖನಿಯದಾಗಲಿ, ದುಡಿಮೆ ದುಡಿಮೆಯೇ.