ಗುಳಿಗೆಯ ಚೀಟಿಯನ್ನು ಓದಿ ಹೇಳುವವರು ಯಾರು?

ಅಥಣಿ, ಕಾಗವಾಡ ಮತ್ತು ರಾಯಬಾಗ ತಾಲೂಕುಗಳ ಜನರಿಗೆ ದೊಡ್ಡ ಆಸ್ಪತ್ರೆಯೆಂದರೆ ಇಂದಿಗೂ ಮಿರಜ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆಯನ್ನು ಸ್ಥಾಪಿಸಿದಂದಿನಿಂದ ಗಡಿಯಾಚೆಯ ಆ ಪಟ್ಟಣವು ನಮ್ಮ ರೋಗಿಗಳ ಆಸರೆಯಾಗಿದೆ. ಕುಡಚಿ, ಉಗಾರ, ಶೇಡಬಾಳಗಳಲ್ಲಿ ರೈಲು ಹತ್ತಿ ಎಕ್ಸರೇ ಚೀಲ ಹಿಡಿದು ಹೊರಡುವವರನ್ನು ನಾವೆಲ್ಲ ಕಂಡಿದ್ದೇವೆ. ನಿಪ್ಪಾಣಿಯವರು ಕೊಲ್ಲಾಪುರದ ದಾರಿ ಹಿಡಿದರೆ ಚಿಕ್ಕೋಡಿಯವರು ಬೆಳಗಾವಿಯತ್ತ ಹೋಗುತ್ತಾರೆ. ಚಿಕಿತ್ಸೆಗಾಗಿ ಹೊಲ ಒತ್ತೆಯಿಡುವ, ಒಡವೆ ಮಾರುವ ಕುಟುಂಬಗಳ ಕಷ್ಟದ ಕುರಿತು ಸಾಕಷ್ಟು ಚರ್ಚೆಯಾಗಿದೆ. ಆದರೆ ರೋಗಿಯು ಡಿಸ್ಚಾರ್ಜ್ ಆಗಿ ಮನೆಗೆ ಮರಳಿದ ಮೇಲೆ ಏನಾಗುತ್ತದೆಂಬ ಬಗ್ಗೆ ನಾವು ಯೋಚಿಸಿದ್ದು ಬಹಳ ಕಡಿಮೆ.

ಮನೆಗೆ ಬಂದ ರೋಗಿಯ ಕೈಯಲ್ಲಿ ಗುಳಿಗೆಗಳ ಒಂದು ಚೀಲ ಮತ್ತು ಒಂದು ಕಾಗದವಿರುತ್ತದೆ. ಕಾಗದವು ಇಂಗ್ಲಿಷಿನಲ್ಲಿದೆ. ಆಸ್ಪತ್ರೆಯ ಸಿಬ್ಬಂದಿ ಅದನ್ನು ವಿವರಿಸಿದ್ದು ಮರಾಠಿಯಲ್ಲಿ. ಮನೆಯ ಮಾತು ಕನ್ನಡ ಅಥವಾ ಉರ್ದು. 1-0-1 ಎಂದು ಬರೆದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದರ್ಥ. ಅಕ್ಷರ ಬಲ್ಲವರಿಗೆ ಸರಳವೆನಿಸುವ ಈ ಅಂಕಿಗಳು ಅಕ್ಷರ ಕಲಿಯದ ತಾಯಿಗೆ ಒಗಟಾಗಿಯೇ ಉಳಿಯುತ್ತವೆ.

ಇದರ ಪರಿಣಾಮ ಕ್ಷುಲ್ಲಕವಾದುದೇನಲ್ಲ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್‌ನಂತಹ ಎರಡು ಔಷಧಗಳನ್ನು ರಕ್ತ ಹೆಪ್ಪುಗಟ್ಟದಿರಲೆಂದು ಕೊಡುತ್ತಾರೆ. ಎದೆನೋವು ನಿಂತಿತೆಂದು ರೋಗಿಯು ಅವನ್ನು ತಾನಾಗಿಯೇ ಬಿಟ್ಟರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಗ್ಲೈಕೊಮೆಟ್ ಮತ್ತು ಗ್ಲೈಸಿಫೇಜ್ ಎಂಬ ಎರಡು ಹೆಸರುಗಳಲ್ಲಿರುವುದು ಮೆಟ್‌ಫಾರ್ಮಿನ್ ಎಂಬ ಒಂದೇ ಔಷಧ. ಮನೆಯಲ್ಲಿರುವ ಹಳೆಯ ಗುಳಿಗೆಯ ಜೊತೆ ಆಸ್ಪತ್ರೆಯ ಹೊಸದನ್ನೂ ನುಂಗುವವರಿಗೆ ಇದನ್ನು ಯಾರು ಹೇಳಬೇಕು? ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ದಿನಾಲೂ ನುಂಗಿ ಪ್ರಾಣ ಕಳೆದುಕೊಂಡವರು ಜಗತ್ತಿನ ಹಲವೆಡೆ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧದಿಂದಾಗುವ ಹಾನಿಯನ್ನು ತಡೆಯುವ ಜಾಗತಿಕ ಅಭಿಯಾನವನ್ನು ಆರಂಭಿಸಿದಾಗ ಆದ್ಯತೆ ನೀಡಿದ ಮೂರು ವಿಷಯಗಳಲ್ಲಿ, ರೋಗಿಯು ಒಂದೆಡೆಯ ಆರೈಕೆಯಿಂದ ಇನ್ನೊಂದೆಡೆಗೆ ಸಾಗುವ ಸಂದರ್ಭವೂ ಒಂದಾಗಿತ್ತು.

ಹಾಗಾದರೆ ಈ ಹೊಣೆ ಯಾರದು? ನಮ್ಮ ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ವಿತರಿಸಬೇಕೆಂದು 1948ರ ಫಾರ್ಮಸಿ ಕಾಯ್ದೆಯು ಹೇಳುತ್ತದೆ. 2015ರ ಫಾರ್ಮಸಿ ವೃತ್ತಿ ನಿಯಮಗಳು ಇನ್ನೂ ಮುಂದೆ ಹೋಗಿವೆ. ಔಷಧ ಯಾತಕ್ಕೆ, ಎಷ್ಟು, ಎಷ್ಟು ದಿನ, ಅಡ್ಡಪರಿಣಾಮಗಳೇನು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂಬುದನ್ನೆಲ್ಲ ರೋಗಿಗೆ ವಿವರಿಸುವುದು ಫಾರ್ಮಸಿಸ್ಟರ ಕರ್ತವ್ಯವೆಂದು ಅವು ಸಾರುತ್ತವೆ. ಆದರೆ ವಾಸ್ತವದಲ್ಲಿ ಅದೆಷ್ಟೋ ಮೆಡಿಕಲ್ ಅಂಗಡಿಗಳಲ್ಲಿ ಗೋಡೆಯ ಮೇಲಿನ ಪ್ರಮಾಣಪತ್ರ ಒಬ್ಬರದು, ಗುಳಿಗೆ ಎಣಿಸುವ ಕೈ ಇನ್ನೊಬ್ಬರದು. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವ ಈ ಪಿಡುಗು ಎಲ್ಲರಿಗೂ ಗೊತ್ತಿರುವ ಗುಟ್ಟು. ವಿವರಿಸಿ ಹೇಳಲು ಸಮಯವಿಲ್ಲ, ಅದಕ್ಕೆ ಪ್ರತಿಫಲವೂ ಇಲ್ಲ ಎಂಬ ಅಂಗಡಿಯವರ ಅಳಲಿನಲ್ಲಿ ಸತ್ಯಾಂಶವಿದೆ. ಹಾಗೆಂದು ಗಿರಾಕಿಗೆ ಎರಡು ನಿಮಿಷ ಕೊಡದಿರುವುದನ್ನು ಸಮರ್ಥಿಸಲಾಗದು.

ಇಂಗ್ಲೆಂಡಿನಲ್ಲಿ 2021ರ ಫೆಬ್ರವರಿಯಿಂದ ಇದಕ್ಕಾಗಿಯೇ ಒಂದು ಸೇವೆ ಜಾರಿಯಲ್ಲಿದೆ. ನೆರವು ಬೇಕಾದ ರೋಗಿಯು ಮನೆಗೆ ಹೊರಟಾಗ ಆಸ್ಪತ್ರೆಯು ಔಷಧಗಳ ವಿವರವನ್ನು ಅವರ ಊರಿನ ಔಷಧದಂಗಡಿಗೆ ಕಳುಹಿಸುತ್ತದೆ. ಅಲ್ಲಿಯ ಫಾರ್ಮಸಿಸ್ಟರು ಹಳೆಯ ಮತ್ತು ಹೊಸ ಔಷಧಗಳನ್ನು ಹೋಲಿಸಿ ನೋಡಿ ರೋಗಿಯೊಂದಿಗೆ ಮಾತನಾಡುತ್ತಾರೆ. ಅದರ ವೆಚ್ಚವನ್ನು ಸರಕಾರವೇ ಭರಿಸುತ್ತದೆ. ನಮ್ಮಲ್ಲಿ ಇದು ಅಸಾಧ್ಯವೇ? ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮನೆಗೆ ಮರಳಿದ ಮೇಲೆ ಆಶಾ ಕಾರ್ಯಕರ್ತೆಯು 42 ದಿನಗಳೊಳಗೆ ಆರು ಬಾರಿ ಭೇಟಿ ನೀಡಬೇಕೆಂಬ ವ್ಯವಸ್ಥೆಯನ್ನು ಇದೇ ದೇಶ ರೂಪಿಸಿದೆ. ಹೃದಯದ, ಮೂತ್ರಪಿಂಡದ ಅಥವಾ ಲಕ್ವದ ರೋಗಿಗೆ ಅಂತಹ ಒಂದು ಭೇಟಿಯೂ ಇಲ್ಲ. ಆಯುಷ್ಮಾನ್ ಯೋಜನೆಯ ಔಷಧ ವೆಚ್ಚವೂ ಡಿಸ್ಚಾರ್ಜ್ ನಂತರ 15 ದಿನಗಳಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಬಡವನು ತನ್ನ ಜೇಬಿನಿಂದಲೇ ಗುಳಿಗೆ ಕೊಳ್ಳಬೇಕು, ಇಲ್ಲವೇ ಬಿಡಬೇಕು.

ಆದ್ದರಿಂದ ನಾವು ಆಗ್ರಹಿಸುವುದಿಷ್ಟೇ. ಐದೂ ತಾಲೂಕುಗಳ ಸರಕಾರಿ ಆಸ್ಪತ್ರೆಗಳ ಔಷಧ ವಿತರಣಾ ಕಿಟಕಿಯಲ್ಲಿ, ಬೇರೆಡೆ ಚಿಕಿತ್ಸೆ ಪಡೆದು ಬಂದವರ ಚೀಟಿಯನ್ನು ಪರಿಶೀಲಿಸಿ ಅವರ ಭಾಷೆಯಲ್ಲಿ ವಿವರಿಸಲು ವಾರದಲ್ಲಿ ನಿಗದಿತ ಹೊತ್ತನ್ನು ಮೀಸಲಿಡಬೇಕು. ನಿಪ್ಪಾಣಿಯಲ್ಲೂ ಬೆಳಗಾವಿಯಲ್ಲೂ ಫಾರ್ಮಸಿ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಈ ಕೆಲಸಕ್ಕೆ ತೊಡಗಿಸಬಹುದು. ಔಷಧ ನಿಯಂತ್ರಣ ಇಲಾಖೆಯು ಅಂಗಡಿಗಳಲ್ಲಿ ಪ್ರಮಾಣಪತ್ರದ ಜೊತೆ ಅದರ ಒಡೆಯರೂ ಇದ್ದಾರೆಯೇ ಎಂಬುದನ್ನು ನೋಡಬೇಕು.

ಇನ್ನು ನಮ್ಮ ಸಮುದಾಯದ ಪಾತ್ರ. ಕಾಯಿಲೆಯವರನ್ನು ಕಾಣಲು ಹೋಗುವುದು ನಮ್ಮಲ್ಲಿ ಪುಣ್ಯಕಾರ್ಯ. ಹಣ್ಣು ಕೊಟ್ಟು, ದುಆ ಮಾಡಿ ಮರಳುತ್ತೇವೆ. ಅದರೊಂದಿಗೆ ಔಷಧ ಸರಿಯಾಗಿ ನುಂಗುತ್ತಿದ್ದಾರೆಯೇ, ಮುಂದಿನ ತಿಂಗಳಿಗೆ ಹಣವಿದೆಯೇ ಎಂದು ವಿಚಾರಿಸುವುದೂ ಆ ಭೇಟಿಯ ಭಾಗವಾಗಲಿ. ರಮಝಾನ್‌ನಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಮಧುಮೇಹದ ಕೆಲವು ಗುಳಿಗೆಗಳು ಮತ್ತು ಇನ್ಸುಲಿನ್, ಉಪವಾಸದ ವೇಳೆ ಸಕ್ಕರೆ ಪ್ರಮಾಣವನ್ನು ಅಪಾಯಕರವಾಗಿ ಇಳಿಸಬಲ್ಲವು. ಬೆಳಗಿನ ಔಷಧವನ್ನು ಸಹರಿಗೂ ರಾತ್ರಿಯದನ್ನು ಇಫ್ತಾರ್‌ಗೂ ತಾವೇ ಬದಲಾಯಿಸಿಕೊಳ್ಳುವವರು, ಮೊದಲು ವೈದ್ಯರನ್ನು ಕೇಳಬೇಕು. ರೋಗಿಗೆ ಕುರ್‌ಆನ್ ನೀಡಿರುವ ರಿಯಾಯಿತಿಯನ್ನು ರಮಝಾನಿಗೆ ಮುಂಚಿನ ಜುಮಾಗಳಲ್ಲಿ ಖತೀಬರು ನೆನಪಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ನಮ್ಮ ಊರುಗಳಲ್ಲಿ ಅತ್ತಾರ ಎಂಬ ಅಡ್ಡಹೆಸರಿನ ಕುಟುಂಬಗಳಿವೆ. ಸುಗಂಧದ ಜೊತೆ ಔಷಧವನ್ನೂ ಮಾರುವವರಿಗೆ ಹಿಂದೆ ಅತ್ತಾರ್ ಎನ್ನುತ್ತಿದ್ದರು. ಅಲ್ ಬಿರೂನಿ ಔಷಧಶಾಸ್ತ್ರದ ಕುರಿತೇ ಒಂದು ಗ್ರಂಥ ಬರೆದರು. ಇಂದು ಫಾರ್ಮಸಿ ಕಲಿಯುತ್ತಿರುವ ನಮ್ಮ ಯುವಕ ಯುವತಿಯರಿಗೆ ಈ ಪರಂಪರೆ ಅಪರಿಚಿತವಾಗಬಾರದು. ಪದವಿಯನ್ನು ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕುಳಿತುಕೊಳ್ಳುವ ಬದಲು ಅವರು ಅಂಗಡಿಯ ಕಟ್ಟೆಯ ಹಿಂದೆ ನಿಂತು ಚೀಟಿಯನ್ನು ಓದಿ ಹೇಳಲಿ. ಗಡಿ ದಾಟಿ, ಸಾಲ ಮಾಡಿ ಉಳಿಸಿಕೊಂಡ ಜೀವವು ಮನೆಯ ಹೊಸ್ತಿಲೊಳಗೆ ತಿಳಿವಳಿಕೆಯ ಕೊರತೆಯಿಂದ ನಂದಿಹೋಗದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.