ಸಾವಿರ ಸಾಲುಗಳಲ್ಲಿ ಮರೆಯಾಗುವ ಎಚ್ಚರಿಕೆ

ಲೆಕ್ಕಪತ್ರಗಳು ಕಾಗದದಿಂದ ಗಣಕಕ್ಕೆ ಸ್ಥಳಾಂತರಗೊಂಡ ಮೇಲೆ ಅವುಗಳ ಸಂರಕ್ಷಣೆಯೂ ಉದ್ದಿಮೆದಾರರ ಹೊಣೆಯಾಗಿದೆ. ಜಿಎಸ್‌ಟಿ ಕಾಯ್ದೆಯನ್ವಯ, ವಾರ್ಷಿಕ ರಿಟರ್ನ್ ಸಲ್ಲಿಕೆಯ ಅಂತಿಮ ದಿನಾಂಕದಿಂದ 72 ತಿಂಗಳುಗಳವರೆಗೆ ದಾಖಲೆಗಳನ್ನು ಕಾಯ್ದಿಡಬೇಕು. ಸರ್ವರ್‌ಗಳಲ್ಲಿ ಇಂತಹ ದಾಖಲೆಗಳಿಗೆ ಆಸರೆಯಾಗಿರುವುದು ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ರೇಡ್ ವ್ಯವಸ್ಥೆ.

1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಮಂಡಿಸಿದ ಈ ಪರಿಕಲ್ಪನೆಯನ್ನು ಲಿನಕ್ಸ್‌ನ ಎಂಡಿ ತಂತ್ರಾಂಶವು ಪ್ರತ್ಯೇಕ ಯಂತ್ರಾಂಶವಿಲ್ಲದೆಯೇ ಸಾಧಿಸುತ್ತದೆ. ರೇಡ್ 5ರಲ್ಲಿ ಒಂದು, ರೇಡ್ 6ರಲ್ಲಿ ಎರಡು ಡಿಸ್ಕ್‌ಗಳು ಕೆಟ್ಟರೂ ಮಾಹಿತಿ ಉಳಿಯುತ್ತದೆ. ಆದರೆ ಕೆಟ್ಟದ್ದು ಸಕಾಲದಲ್ಲಿ ತಿಳಿಯದಿದ್ದರೆ, ಅದಕ್ಕೂ ಮೀರಿದ ಮತ್ತೊಂದು ಡಿಸ್ಕಿನ ವೈಫಲ್ಯದೊಡನೆ ಎಲ್ಲವೂ ನಷ್ಟವಾಗುತ್ತದೆ.

ಎಂಡಿಯ ಹಳೆಯ 0.90 ವಿನ್ಯಾಸದಲ್ಲಿ ಒಂದು ಶ್ರೇಣಿಗೆ 28 ಡಿಸ್ಕ್‌ಗಳ ಮಿತಿಯಿತ್ತು. ಪ್ರತಿ ಬದಲಾವಣೆಗೂ ಎಲ್ಲ ಡಿಸ್ಕ್‌ಗಳ ಪಟ್ಟಿಯನ್ನು ಮುದ್ರಿಸಿದರೂ ಆಗ ಅದು ಹೊರೆಯೆನಿಸುತ್ತಿರಲಿಲ್ಲ. ಅದೇ ಪದ್ಧತಿಯನ್ನು 200 ಡಿಸ್ಕ್‌ಗಳ ಶ್ರೇಣಿಗೆ ಅನ್ವಯಿಸಿದರೆ ಕೇವಲ 10 ಬದಲಾವಣೆಗಳಿಗೆ 2,000 ಸಾಲುಗಳಾಗುತ್ತವೆ. ಕರ್ನಲ್‌ನ ಸಂದೇಶ ಸಂಗ್ರಹದ ಗಾತ್ರ ಸೀಮಿತ; ಅದು ತುಂಬಿದಾಗ ಹಳೆಯ ಸಾಲುಗಳು ಅಳಿಸಿಹೋಗುತ್ತವೆ. ಮೊದಲು ಕೆಟ್ಟ ಡಿಸ್ಕಿನ ಸುಳಿವೂ ಅವುಗಳೊಡನೆ ಮಾಯವಾಗಬಹುದು. ಪ್ರತಿ ಬಿಲ್ಲಿನೊಂದಿಗೂ ಇಡೀ ಉಗ್ರಾಣದ ದಾಸ್ತಾನು ಪಟ್ಟಿಯನ್ನು ಬರೆಯುವ ಗುಮಾಸ್ತನನ್ನು ಯಾವ ವರ್ತಕನೂ ಮೆಚ್ಚಲಾರನು.

ವಿವರ ಹೆಚ್ಚಿದಷ್ಟೂ ಒಳಿತೆಂಬ ವಾದವೂ ಉಂಟು. ದೋಷದ ಮೂಲವನ್ನು ಹುಡುಕುವಾಗ ಪೂರ್ಣ ಪಟ್ಟಿ ಬೇಕೆಂಬುದು ನಿಜವೇ. ಆದರೆ ಅದನ್ನು ಎಂಡಿ‌ಎಡಿಎಂ ಉಪಕರಣದ ಮೂಲಕ ಬೇಕೆಂದಾಗ ಪಡೆಯಬಹುದು. ಕೇಳದಿರುವಾಗಲೂ ಸುರಿಯಬೇಕಾದ ಅಗತ್ಯವಿಲ್ಲ.

ಹಾಗೆಂದು ಕುರುಡು ಕಡಿತವೂ ಸಲ್ಲದು. ಲಿನಕ್ಸ್‌ನ ಪೂರ್ವನಿಗದಿತ ದರ ಮಿತಿಯು 5 ಸೆಕೆಂಡಿಗೆ 10 ಸಂದೇಶಗಳನ್ನಷ್ಟೇ ಬಿಡುತ್ತದೆ; ಹನ್ನೊಂದನೆಯದು ಅತಿಮುಖ್ಯವಾಗಿದ್ದರೂ ಅದಕ್ಕೆ ಅರಿವಾಗದು. ಆದ್ದರಿಂದ ಮಿತಿಯನ್ನು ಸಂದೇಶದ ಸ್ವರೂಪಕ್ಕೆ ತಕ್ಕಂತೆ ವಿಧಿಸಬೇಕು. ಸುಸ್ಥಿತಿಯ ಡಿಸ್ಕ್‌ಗಳಿಗೆ ಒಟ್ಟು ಸಂಖ್ಯೆ ಸಾಕು. ಕೆಟ್ಟ ಡಿಸ್ಕಿನ ಹೆಸರು ಎಂದಿಗೂ ಕೈಬಿಡಲ್ಪಡಬಾರದು. ತಡೆಹಿಡಿದ ಸಾಲುಗಳೆಷ್ಟೆಂಬುದೂ ದಾಖಲಾಗಬೇಕು.

ಸರ್ವರ್ ಬಾಡಿಗೆಗೆ ಪಡೆಯುವ ಉದ್ದಿಮೆದಾರರು ಒಪ್ಪಂದಕ್ಕೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು: ಡಿಸ್ಕ್ ಕೆಟ್ಟಾಗ ಸೂಚನೆ ಯಾರಿಗೆ ತಲುಪುತ್ತದೆ? ಸಂದೇಶಗಳ ಪ್ರತಿ ಬೇರೊಂದು ಯಂತ್ರದಲ್ಲಿ ಉಳಿಯುತ್ತದೆಯೇ? ಬ್ಯಾಕಪ್ ಪ್ರತ್ಯೇಕವಾಗಿದೆಯೇ? ರೇಡ್ ಎಂಬುದು ಬ್ಯಾಕಪ್‌ಗೆ ಪರ್ಯಾಯವಲ್ಲ. ಕಡಿಮೆ ಮಾತಿನಲ್ಲಿ ಸರಿಯಾದುದನ್ನು ಹೇಳುವ ಯಂತ್ರವೇ ವ್ಯವಹಾರಕ್ಕೆ ಹಿತಕರ.