ಸ್ನಾಯುಕ್ಷಯ: ಎಲ್ಲ ದೂರೂ ಸೋದರಿಕೆಗೇ ಏಕೆ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಐದಾರು ವರ್ಷದ ಹುಡುಗ ಪದೇ ಪದೇ ಬೀಳತೊಡಗಿ, ನೆಲದಿಂದ ಏಳಲು ತೊಡೆಗೆ ಕೈ ಊರುವಂತಾದರೆ ಹೆತ್ತವರತ್ತ ತೂರಿಬರುವ ಪ್ರಶ್ನೆ ಒಂದೇ: ‘ಸೋದರಿಕೆ ಏನ್ರಿ?’

ಪ್ರಶ್ನೆ ಅಸಂಗತವೇನಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮನೆಗೆ ಹೆಣ್ಣು ಕೊಡುವುದು ಇಲ್ಲಿನ ಹಳೆಯ ರೂಢಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ನಾಲ್ಕಕ್ಕೆ ಒಂದಕ್ಕೂ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ಆದಂಥವು. ಆದರೂ ಈ ಪ್ರಶ್ನೆ ಎಷ್ಟೋ ಮನೆಗಳನ್ನು ದಾರಿ ತಪ್ಪಿಸುತ್ತದೆ.

ಗಂಡುಮಕ್ಕಳನ್ನು ಹೆಚ್ಚಾಗಿ ಕಾಡುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿಗೂ ಸೋದರಿಕೆಗೂ ನಂಟಿಲ್ಲ. ಇದರಲ್ಲಿ ಕೆಡುವುದು ಎಕ್ಸ್ ಕ್ರೋಮೊಸೋಮಿನಲ್ಲಿರುವ ಡಿಸ್ಟ್ರೊಫಿನ್ ಜೀನ್. ಮನುಷ್ಯನ ಅತಿ ಉದ್ದದ ಜೀನ್‌ಗಳಲ್ಲಿ ಅದೂ ಒಂದು. ಹಾಗಾಗಿ ಹೊಸದಾಗಿ ಕೆಡುವುದೂ ಹೆಚ್ಚು. ಸುಮಾರು ಮೂರನೇ ಒಂದರಷ್ಟು ಮಕ್ಕಳ ತಾಯಂದಿರಲ್ಲಿ ದೋಷವೇ ಇರುವುದಿಲ್ಲ. ತಾಯಿ ವಾಹಕಿಯಾಗಿದ್ದರೆ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ, ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಂಭವ ಅರ್ಧದಷ್ಟು. ಆ ಮಗಳನ್ನು ಸೋದರಮಾವನಿಗೆ ಕೊಟ್ಟರೂ ಅಷ್ಟೇ, ಗುರುತೇ ಇಲ್ಲದ ಊರಿಗೆ ಕೊಟ್ಟರೂ ಅಷ್ಟೇ. ‘ಇನ್ನ ಹೊರಗ ಕೊಡ್ರಿ’ ಎಂಬ ಉಪದೇಶ ನಂಬಿ ನಿಶ್ಚಿಂತರಾದವರ ಮನೆಯಲ್ಲಿ ಕಾಯಿಲೆ ಮತ್ತೆ ಕಾಣಿಸಿಕೊಂಡರೆ ಹೊಣೆ ಯಾರದು? ಅಷ್ಟರಲ್ಲಿ ಮಗುವಿನ ತಾಯಿ ಅತ್ತೆಮನೆಯ ಮಾತು ಕೇಳಿ ಸಾಕಾಗಿರುತ್ತಾಳೆ.

ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ (ಎಸ್‌ಎಂಎ), ಸೊಂಟ–ಭುಜದ ಸ್ನಾಯು ಸವೆಸುವ ಲಿಂಬ್ ಗರ್ಡಲ್ ಬಗೆಯ ಬಹುಪಾಲು ಕಾಯಿಲೆಗಳ ಲೆಕ್ಕ ಬೇರೆ. ಗಂಡ–ಹೆಂಡತಿ ಇಬ್ಬರಲ್ಲೂ ಅದೇ ಜೀನ್‌ನ ಒಂದೊಂದು ಪ್ರತಿ ಕೆಟ್ಟಿದ್ದಾಗ ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲೊಂದು. ಒಂದೇ ಅಜ್ಜ–ಅಜ್ಜಿಯ ಕುಡಿಗಳಲ್ಲಿ ಹಾಗಾಗುವ ಸಂಭವ ಹೆಚ್ಚು. ಸೋದರಿಕೆ ಬೇಡವೆಂಬ ಮಾತು ಸಲ್ಲುವುದು ಇಲ್ಲಿ.

ಯಾವ ಕಾಯಿಲೆ ಎಂದು ತಿಳಿಯದೆ ಕೊಡುವ ಬುದ್ಧಿಮಾತಿಗೆ ಬೆಲೆಯಿಲ್ಲ. ಡುಶೆನ್ ಶಂಕೆಗೆ ಮೊದಲು ಬೇಕಿರುವುದು ಕ್ರಿಯಾಟಿನ್ ಕೈನೇಸ್ ಎಂಬ ಅಗ್ಗದ ರಕ್ತಪರೀಕ್ಷೆ. ಇಂಥ ಮಕ್ಕಳಲ್ಲಿ ಅದರ ಮಟ್ಟ ಹತ್ತಾರು ಪಟ್ಟು ಏರಿರುತ್ತದೆ. ಸ್ನಾಯು ಒಡೆದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಕಿಣ್ವಗಳೂ ಏರುವುದರಿಂದ ಯಕೃತ್ತಿನ ರೋಗವೆಂದು ತಿಳಿದು ತಿಂಗಳುಗಟ್ಟಲೆ ಔಷಧ ಕೊಡುವುದುಂಟು. ಮೀನಖಂಡ ದಪ್ಪಗಿರುವುದನ್ನು ಕಂಡು ಹುಡುಗ ಗಟ್ಟಿಮುಟ್ಟಾಗಿದ್ದಾನೆಂದು ಮನೆಯವರೂ ಸುಮ್ಮನಿರುತ್ತಾರೆ.

ಕಾಯಿಲೆಯ ಖಚಿತ ಹೆಸರಿಗಾಗಿ ಐನೂರು ಕಿ.ಮೀ. ಆಚೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗುತ್ತದೆ. ಇಂಡಿ, ಬಾಗೇವಾಡಿಗಳಿಗೆ ಊರಿಂದ ದೂರವಿದ್ದರೂ ‘ರೋಡ್’ ಹೆಸರಿನ ರೈಲು ನಿಲ್ದಾಣವಾದರೂ ಉಂಟು. ಸಿಂದಗಿ, ಮುದ್ದೇಬಿಹಾಳಕ್ಕೆ ಅದೂ ಇಲ್ಲ. ಆದರೆ ಆನುವಂಶಿಕ ಪರೀಕ್ಷೆಗೆ ರಕ್ತದ ಮಾದರಿ ಹೋದರೆ ಸಾಕು, ಮಗು ಹೋಗಬೇಕಿಲ್ಲ. ವಿಜಯಪುರದಲ್ಲಿ ಜಿಲ್ಲಾಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳಿವೆ. ತಿಂಗಳಿಗೊಂದು ಸ್ನಾಯುರೋಗ ಚಿಕಿತ್ಸಾಲಯ, ತಾಯಿ, ಚಿಕ್ಕಮ್ಮ, ಅಕ್ಕತಂಗಿಯರಿಗೆ ಆಪ್ತಸಲಹೆ ಅಲ್ಲಿ ಅಸಾಧ್ಯವೇ?

ಕೋಟಿಗಳ ಇಂಜೆಕ್ಷನ್ನಿನ ಸುದ್ದಿ ಈ ಸಣ್ಣ ಕೆಲಸಗಳನ್ನು ಮರೆಸಿಬಿಟ್ಟಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿ. ಎಸ್‌ಎಂಎ ಜೀನ್ ಚಿಕಿತ್ಸೆಗೆ ಬೇಕಾದದ್ದು ಸುಮಾರು 16 ಕೋಟಿ. ಅದೇ ಕಾಯಿಲೆಯ ರಿಸ್ಡಿಪ್ಲಾಮ್ ಔಷಧದ ಬಾಟಲಿ 6 ಲಕ್ಷದಷ್ಟಿತ್ತು. ಪೇಟೆಂಟ್ ವ್ಯಾಜ್ಯದಲ್ಲಿ ಮೂಲ ಕಂಪನಿಗೆ ತಡೆಯಾಜ್ಞೆ ಸಿಗದೆ ಹೋದ ಮೇಲೆ, 2025ರಲ್ಲಿ ನ್ಯಾಟ್ಕೊ ಕಂಪನಿ ಅದನ್ನು 15,900ಕ್ಕೆ ತಂದಿತು. ಡುಶೆನ್ ಮಕ್ಕಳ ನಡಿಗೆಯನ್ನು ಒಂದೆರಡು ವರ್ಷ ಮುಂದುವರಿಸಬಲ್ಲ ಸ್ಟೆರಾಯ್ಡ್ ಮಾತ್ರೆಯಾದರೋ ಸಾಮಾನ್ಯ ಔಷಧದಂಗಡಿಯದು. ವೈದ್ಯರ ನಿಗಾ, ವ್ಯಾಯಾಮ, ವರ್ಷಕ್ಕೊಮ್ಮೆ ಹೃದಯದ ಎಕೊ ಜತೆಗಿರಬೇಕು.

ಹೊಸ ಯೋಜನೆಯೇನೂ ಬೇಕಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಅಂಗನವಾಡಿ, ಶಾಲೆಗಳಿಗೆ ಹೋಗುತ್ತಿವೆ. ಪ್ರತಿ ಮಗುವನ್ನೂ ನೆಲಕ್ಕೆ ಕೂರಿಸಿ, ಎಬ್ಬಿಸಿ ನೋಡಲು ಅರ್ಧ ನಿಮಿಷ ಸಾಕು. ಅನುಮಾನ ಬಂದ ಮಗುವಿನ ರಕ್ತಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ. ತಂಡಗಳ ಭೇಟಿ ಮಾತ್ರ ದೀಪಾವಳಿಗೆ ಮೊದಲೇ ಮುಗಿಯಬೇಕು. ಆಮೇಲೆ ಕಬ್ಬು ಕಡಿಯಲು ಗುಳೆ ಹೋಗುವವರ ಮಕ್ಕಳು ಶಾಲೆಯಲ್ಲಿ ಸಿಗುವುದಿಲ್ಲ.